ಯೋಜನೆಯಲ್ಲಿ ಜಾಗ ಸಿಗದ ನಮ್ಮ ಮನೆಯ ಕನ್ನಡ

ಕೊಯಮತ್ತೂರಿನ ನಮ್ಮ ವಿಶ್ವವಿದ್ಯಾಲಯದ ಐದು ವರ್ಷದ ಯೋಜನೆಯಲ್ಲಿ ‘ವೈವಿಧ್ಯ’ ಎಂಬ ಅಧ್ಯಾಯ ಬರೆಯುವ ಹೊಣೆ ನನಗೆ ಬಂತು. ನನಗಿಂತ ಯೋಗ್ಯರು ಇನ್ಯಾರಿದ್ದಾರೆ ಎಂದುಕೊಂಡೆ. ತಲೆಮಾರುಗಳಿಂದ ಇದೇ ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಮಗ್ಗ ಹಾಕಿಕೊಂಡಿದ್ದ ಕನ್ನಡದ ಮನೆ ನಮ್ಮದು. ನಾನೇ ಒಂದು ವೈವಿಧ್ಯ!

ಮನೆಯಲ್ಲಿ ಕನ್ನಡ ಆಡುವ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಸೇರಲು ಒಂದು ಕೋಣೆ ಬೇಕೆಂದು ಬರೆದೆ. ಅದರಲ್ಲಿ ನನ್ನ ಸ್ವಾರ್ಥವೂ ಇತ್ತೆನ್ನಿ. ಅಮ್ಮ ಹೋದ ಮೇಲೆ ಆ ಕನ್ನಡ ಕೇಳಬೇಕೆಂದು ಜೀವ ಎಳೆಯುತ್ತದೆ. ಮಗ್ಗದ ಸದ್ದಿನ ಮೇಲೆ ದನಿ ಎತ್ತಿ, “ಬಾರಪ್ಪಾ, ಸೋರು ಆರಿಹೋಗ್ತದೆ” ಎಂದು ಊಟಕ್ಕೆ ಕರೆಯುತ್ತಿದ್ದಳು. ಅದೇ ಅಮ್ಮ ಹೊಸಿಲು ದಾಟಿ ತರಕಾರಿಯವಳ ಮುಂದೆ ನಿಂತರೆ ಬರೀ ತಮಿಳು. ನಾವೂ ಹಾಗೇ ಬೆಳೆದೆವು.

ಕುಲಪತಿಗಳು ನನ್ನ ಬರಹ ಓದಿ, “ಇಲ್ಲಿ ಕನ್ನಡ ಆಡುವವರು ಯಾರಿದ್ದಾರೆ? ನನ್ನ ಕಿವಿಗೆ ಬಿದ್ದೇ ಇಲ್ಲವಲ್ಲ. ಸಭೆಯಲ್ಲಿ ಆಡಿ ತೋರಿಸಿ, ಕೋಣೆ ಕೊಡೋಣ” ಎಂದರು. ಅದೇನು ಮಹಾ ಎಂದು ಒಪ್ಪಿಕೊಂಡೆ. ಮಾತಿಗೆ ಜೊತೆ ಬೇಕಲ್ಲ, ನೀನೂ ಸಭೆಗೆ ಬಾ ಎಂದು ಹೆಂಡತಿ ಸರೋಜಾಳಿಗೆ ಹೇಳಿದೆ.

“ನಿಮಗೆ ಬೇರೆ ವೇಲೆ ಇಲ್ವಾ? ಅಷ್ಟು ಜನದ ಎದುರಿಗೆ ನಾ ಏನು ಪೇಸೋದು?”

“ಮನೇಲಿ ಆಡೋ ಮಾತನ್ನೇ ಪೇಸು. ಏನು ಕಷ್ಟ?”

ಸಭೆಯಲ್ಲಿ ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ ಸರೋಜಾಳತ್ತ ತಿರುಗಿ, ಇವತ್ತು ಅಡುಗೆ ಏನು ಎಂದು ಕೇಳಿದೆ. ತಮಿಳಿನಲ್ಲಿ. ಅವಳು ಹುರುಳಿ ಸಾರು ಎಂದಳು. ಅದೂ ತಮಿಳಿನಲ್ಲಿ. ಮತ್ತೆ ಬಾಯಿ ತೆರೆದೆ, ಮತ್ತೆ ತಮಿಳೇ. ಮದುವೆಯಾದಾಗಿನಿಂದ ಮನೆಯ ಹೊರಗೆ ನಾವಿಬ್ಬರೂ ಒಂದು ಮಾತೂ ಕನ್ನಡ ಆಡಿದವರಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಕೋಣೆಯ ಆಸೆಗೆ ಬಂದು ಹಿಂದೆ ಕುಳಿತಿದ್ದ ಕನ್ನಡದ ಮನೆಯ ವಿದ್ಯಾರ್ಥಿಗಳು ತಲೆ ತಗ್ಗಿಸಿದರು; ಅವರದೂ ಅದೇ ಅಭ್ಯಾಸ. ಕುಲಪತಿಗಳು ಬಹಳ ಮರ್ಯಾದೆಯಿಂದ ಮುಂದಿನ ವಿಷಯಕ್ಕೆ ಹೋದರು. ಕೋಣೆ ಕೈತಪ್ಪಿತು.

ಬೇಸರವಾಗಿ ಆ ವಿದ್ಯಾರ್ಥಿಗಳನ್ನು ಮನೆಗೆ ಕಾಫಿಗೆ ಕರೆತಂದೆ. ಸರೋಜಾ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳೋ ಇಲ್ಲವೋ, ಶುರುವಾಯಿತು.

“ಬೇಡಾ ಬೇಡಾ ಅಂದ್ರೂ ಕೇಳಲಿಲ್ಲ. ಸಭೇಲಿ ನಿಲ್ಲಿಸಿ ಮಾನ ಕಳೆದ್ರಿ. ಪಾವಂ, ಈ ಮಕ್ಕಳ ಕೋಣೇನೂ ಹೋಯ್ತು. ದೊಡ್ಡ ಪ್ರೊಫೆಸರ್ ಅಂತೆ!”

ಅಪ್ಪಟ ನಮ್ಮ ಮನೆಯ ಕನ್ನಡ, ಥೇಟ್ ಅಮ್ಮನ ರಾಗ. ನನ್ನ ಕಣ್ಣು ತುಂಬಿ ಬಂತು. ಒಬ್ಬ ಹುಡುಗಿ ನಗು ತಡೆಯಲಾರದೆ, “ನಮ್ಮ ಅವ್ವನೂ ಇಂಗೇ ಬಯ್ಯೋದು ಸಾರ್” ಎಂದಳು, ಕನ್ನಡದಲ್ಲೇ.

ಈಗ ಅವರೆಲ್ಲ ಪ್ರತಿ ಶನಿವಾರ ನಮ್ಮ ಮನೆಗೇ ಬರುತ್ತಾರೆ. ಕನ್ನಡದ ಕೂಟ ನಡೆಸುವವಳು ಸರೋಜಾ. ನಾನು ಬೈಸಿಕೊಳ್ಳುತ್ತೇನೆ.