ದಾಕ್ಷಾಯಣಮ್ಮ ರಿಪೇರಿ ಮಾಡಿದ ದ್ರಾಕ್ಷಿ ರಸ

"ನನ್ನ ಉಗ್ರಾಣಕ್ಕೆ ಬಂದ ಯಾವ ಪದಾರ್ಥವೂ ಕೆಟ್ಟು ಹೊರಗೆ ಹೋದದ್ದಿಲ್ಲ!"

ನರಸಿಂಹರಾಜಪುರದ ದಾಕ್ಷಾಯಣಮ್ಮ ಹೀಗೆಂದರೆ ಎದುರಾಡುವ ಎದೆ ಊರಲ್ಲಿ ಯಾರಿಗೂ ಇರಲಿಲ್ಲ. ಬೂಷ್ಟು ಹಿಡಿದ ಉಪ್ಪಿನಕಾಯಿ ರಸವನ್ನು ಸೋಸಿ, ಕುದಿಸಿ, ಆರಿಸಿ, ಮತ್ತೆ ಭರಣಿಗೆ ತುಂಬಿ, ಭರಣಿಯ ಹಣೆಗೆ ಮೂರೆಳೆ ವಿಭೂತಿ ಎಳೆದರೆಂದರೆ ಅದಕ್ಕೆ ಪುನರ್ಜನ್ಮ! ಒಂಬತ್ತು ವರ್ಷದಿಂದ ಮಾಗಿ ಕಪ್ಪಾಗಿದ್ದ ಅವರ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯನ್ನಂತೂ ನೆಂಟರು ಚಪ್ಪಲಿ ಬಿಟ್ಟು ಹೋಗಿ ನೋಡಿ ಬರುತ್ತಿದ್ದರು.

ಇಂಥ ಉಗ್ರಾಣದಲ್ಲಿ ಅಳಿಯ ಕಲ್ಲೇಶ್ ಒಂದು ಬಾಟಲಿ ತಂದು ಅಡ್ಡ ಮಲಗಿಸಿದ. ಕೊಪ್ಪದ ಸುಂದರೇಶರ ಕಾಫಿ ತೋಟದಲ್ಲಿ ಅವನು ಲೆಕ್ಕ ಬರೆಯುವ ರೈಟರ್.

"ಅತ್ತೆ, ಇದು ಸಾಹುಕಾರ್ರ ಹಳೇ ದ್ರಾಕ್ಷಿ ರಸ. ಅವರ ಮನೆ ಮಾಡಿನ ಹೆಂಚು ಬಿಚ್ಚಿದಾರೆ, ಇದಕ್ಕೆ ಬಿಸಿಲು ತಾಗಬಾರದಂತೆ. ಭಾನುವಾರ ಮಗಳ ನಿಶ್ಚಿತಾರ್ಥಕ್ಕೆ ಒಯ್ತಾರೆ. ಮುಟ್ಟಬೇಡಿ."

ನಿತ್ಯ ಲಿಂಗಪೂಜೆ ಮಾಡುವ ಅತ್ತೆಯ ಎದುರು 'ವೈನ್' ಅನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

ಮೂರನೇ ದಿನ ದಾಕ್ಷಾಯಣಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದರು. ಅಡಿಯಲ್ಲಿ ಗಸಿ! "ಅಯ್ಯೋ ಶಿವನೇ!" ಸ್ಕ್ರೂಡ್ರೈವರಿನಿಂದ ಬಿರಡೆ ಕಿತ್ತರು. ಕೆಂಪಗಿರಬೇಕಾದ ರಸ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮೂಸಿದರೆ ಮೊದಲು ನೇರಳೆ ಹಣ್ಣು, ಆಮೇಲೆ ಒದ್ದೆ ಮಣ್ಣು, ಕೊನೆಗೆ ಅಜ್ಜಿಯ ಮರದ ಪೆಟ್ಟಿಗೆ! ಒಂದು ಚಮಚ ನಾಲಿಗೆಗೆ ಬಿಟ್ಟುಕೊಂಡರು. ಯಾಕೋ ಇನ್ನೊಂದು ಚಮಚ ನೋಡಬೇಕೆನಿಸಿತು. ಮೂರನೆಯದನ್ನೂ ನೋಡಿದರು. ಪರೀಕ್ಷೆ ತಾನೇ! ಎದೆಯೊಳಗೆ ಸಣ್ಣ ದೀಪ ಹಚ್ಚಿದ ಹಾಗಾಯಿತು.

"ಪೂರ್ತಿ ಕೆಟ್ಟಿದೆ. ಬೀಗರ ಮುಂದೆ ಸಾಹುಕಾರ್ರ ಮಾನ ಹೋಗುತ್ತೆ!"

ಸೋಸಿದರು. ಬೆಲ್ಲ ಹಾಕಿದರು. ಏಲಕ್ಕಿ ಕುಟ್ಟಿ ಹಾಕಿ, ಅರ್ಧಕ್ಕಿಳಿಯುವಷ್ಟು ಕುದಿಸಿ, ಭರಣಿಗೆ ತುಂಬಿ ವಿಭೂತಿ ಎಳೆದರು.

ಭಾನುವಾರ ಬೆಳಿಗ್ಗೆ ಸುಂದರೇಶರೇ ಕಲ್ಲೇಶನ ಜೊತೆ ಬಂದರು. ಕೂತವರೇ ಶುರು ಮಾಡಿದರು.

"ಅಮ್ಮ, ನಮ್ಮ ಸೌಜನ್ಯ ಹುಟ್ಟಿದ ವರ್ಷದ್ದದು. ಇಪ್ಪತ್ತಾರು ವರ್ಷ ಕಾದಿದೀನಿ! ಎಳೇದ್ರಲ್ಲಿ ಕಡುಕೆಂಪು, ಬಾಯೆಲ್ಲ ಒಗರು, ಜಗಳಗಂಟ ಸ್ವಭಾವ. ವಯಸ್ಸಾದ ಮೇಲೆ ನೋಡಿ ಗುಣ! ಇಟ್ಟಿಗೆ ಬಣ್ಣ ಬಂದಿರುತ್ತೆ. ಅಡಿಯಲ್ಲಿ ಗಸಿ ಕೂತಿರುತ್ತೆ. ಮೂಗಿಗಿಟ್ಟರೆ ಹಣ್ಣು, ಒದ್ದೆ ಮಣ್ಣು, ಹಳೇ ಮರದ ಪೆಟ್ಟಿಗೆ..."

ದಾಕ್ಷಾಯಣಮ್ಮ ಪಟ್ಟಿ ಮಾಡಿದ್ದ ರೋಗಗಳೆಲ್ಲ ಒಂದೊಂದಾಗಿ ಎದ್ದು ಬಂದು ಬಿರುದು ತೊಟ್ಟು ನಿಂತವು.

"...ಅಂಥ ವೈನ್ ಜನ್ಮಕ್ಕೊಂದೇ ಸಲ, ಅಮ್ಮ!"

"ವೈನಾ?!"

ಕಲ್ಲೇಶ್ ಮಾಡಿನ ಹೆಂಚು ಎಣಿಸತೊಡಗಿದ.

ದಾಕ್ಷಾಯಣಮ್ಮ ಭರಣಿ ತಂದಿಟ್ಟರು. ಸುಂದರೇಶರು ಮುಚ್ಚಳ ತೆಗೆದರು. ಏಲಕ್ಕಿ ಘಮ್ಮೆಂದಿತು.

"ಬೆಲ್ಲ ಹಾಕಿದೀರಾ?"

"ಎರಡು ಅಚ್ಚು."

"ಕುದಿಸಿದೀರಾ?"

"ಚೆನ್ನಾಗಿ."

ಸುಂದರೇಶರ ಕಣ್ಣಲ್ಲಿ ನೀರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅಳಲೆಂದು ಇಟ್ಟುಕೊಂಡದ್ದನ್ನು ಅಲ್ಲೇ ಖರ್ಚು ಮಾಡಿದರು.

"ಅಳಿಯಂದ್ರೇ, ನಾನು ಮೂರು ಚಮಚ ಕುಡಿದುಬಿಟ್ಟೆನಲ್ರೀ!"

"ಅದರ ರುಚಿ ನೋಡಿದವರು ಈ ಲೋಕದಲ್ಲಿ ನೀವೊಬ್ಬರೇ, ಅತ್ತೆ."

ಪ್ರಾಯಶ್ಚಿತ್ತಕ್ಕೆ ಬೇರೆ ದಾರಿಯಿರಲಿಲ್ಲ. ಒಂಬತ್ತು ವರ್ಷದ ಅಪ್ಪೆಮಿಡಿ ಭರಣಿಯನ್ನೇ ಎತ್ತಿ ಸುಂದರೇಶರ ಕೈಗಿಟ್ಟರು. "ನಮ್ಮ ಮನೆಯಲ್ಲಿ ಹಳತಾಗಿ ಬೆಲೆ ಬಂದದ್ದು ಇದೊಂದೇ. ನಿಶ್ಚಿತಾರ್ಥದ ಎಲೆಗೆ ಬಡಿಸಿ."

ಮಾರನೇ ದಿನ ಕಲ್ಲೇಶ್ ಅದೇ ಭರಣಿ ಹಿಡಿದು ವಾಪಸ್ ಬಂದ. ಮುಖ ನೋಡುವ ಹಾಗಿರಲಿಲ್ಲ.

"ಏನಾಯ್ತು? ಹಿಡಿಸಲಿಲ್ವಾ?"

"ಎಲೆವರೆಗೆ ಹೋಗಲೇ ಇಲ್ಲ, ಅತ್ತೆ. ಅಡುಗೆಗೆ ಬಯಲುಸೀಮೆಯ ವೀರಬಸಮ್ಮ ಅಂತ ಹೊಸಬರು ಬಂದಿದಾರೆ. ಮುಚ್ಚಳ ತೆಗೆದು, 'ಪಾಪ, ಪೂರ್ತಿ ಕಪ್ಪಾಗಿ ಕೆಟ್ಟಿದೆ, ಕೊಟ್ಟವರ ಮಾನ ಹೋಗುತ್ತೆ' ಅಂತ ಬಿಸಿನೀರಲ್ಲಿ ತೊಳೆದು, ಬೆಲ್ಲ ಹಾಕಿ ಕುದಿಸಿ ಸರಿ ಮಾಡಿಕೊಟ್ಟಿದಾರೆ."

ದಾಕ್ಷಾಯಣಮ್ಮ ಭರಣಿಯನ್ನೇ ನೋಡಿದರು. ಅದರ ಹಣೆಯ ಮೇಲೆ ಮೂರೆಳೆ ವಿಭೂತಿ, ಹೊಚ್ಚಹೊಸದು, ಬೆಳ್ಳಗೆ ಹೊಳೆಯುತ್ತಿತ್ತು.