ಗೂಬಣ್ಣ ಕಾಲೇಜಿಗೆ ಹೋದದ್ದು

ಆ ಭಾನುವಾರ ಬೆಳಿಗ್ಗೆ ಯಂಕಮ್ಮ ಕೇಳಿದ ಪ್ರಶ್ನೆಗೆ ಹಂಪಯ್ಯ ಒಂದು ಸಣ್ಣ ಸುಳ್ಳು ಹೇಳಿದ್ದರೆ ಸಾಕಿತ್ತು, ಅವನ ದಿನ ಸುಖವಾಗಿ ಕಳೆಯುತ್ತಿತ್ತು. ಮಾನ್ವಿ ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿ ನಡೆಸುವ ಹಂಪಯ್ಯ ಭಾನುವಾರವೂ ಬಾಗಿಲು ಹಾಕುವವನಲ್ಲ. ಅಂಥವನು ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಹೊರಬಿದ್ದದ್ದನ್ನು ಪಕ್ಕದ ಮನೆಯ ಕಟ್ಟೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಯಂಕಮ್ಮ ನೋಡಿಬಿಟ್ಟಳು.

"ಎತ್ತಾಗ ಹೊಂಟೀಯಪ್ಪಾ, ಹೆಣ್ಣು ನೋಡಾಕ ಹೋದಂಗ?"

"ರಾಯಚೂರಿಗಿ ಯವ್ವಾ. ಸಿನಿಮಾಕ್ಕ. ಗೂಬಣ್ಣ ಬಂದಾನ."

"ಯಾರಲೇ ಅಂವ ಗೂಬಣ್ಣ?"

ಹಂಪಯ್ಯ ಸುಮ್ಮನೆ ನಡೆದುಬಿಡಬೇಕಿತ್ತು. ಆದರೆ ಗೂಬಣ್ಣನ ಬಗ್ಗೆ ಯಾರಾದರೂ ಕೇಳಿದರೆ ಅವನಿಗೆ ಬಾಯಿ ಮುಚ್ಚಿಕೊಂಡಿರಲು ಬರುತ್ತಿರಲಿಲ್ಲ.

ಅವನು ಹುಟ್ಟಿ ಬೆಳೆದದ್ದು ದೇವದುರ್ಗದಲ್ಲಿ. ಆಗ ಅವರ ಓಣಿಗೆಲ್ಲ ಒಂದೇ ಟಿವಿ. ಅದು ಗೆಳೆಯ ಸಲಾವುದ್ದೀನನ ಮನೆಯದು. ಭಾನುವಾರ ಬಂತೆಂದರೆ ಸಲಾವುದ್ದೀನನ ತಾಯಿ ಇಮಾಮ್ ಬೀ ಪಡಸಾಲೆಯಲ್ಲಿ ಚಾಪೆ ಹಾಸುವಳು, ಓಣಿಯ ಮಕ್ಕಳೆಲ್ಲ ಅದರ ಮೇಲೆ ಇರುವೆ ಮುತ್ತಿದಂತೆ ಕೂಡುವರು. 'ಗೂಬಣ್ಣನ ಗೂಡು' ಶುರುವಾಗುತ್ತಿತ್ತು. ಹಳೇ ಬಟ್ಟೆಯಲ್ಲಿ ಹೊಲಿದ ಒಂದು ಗೂಬೆ, ಅದರ ಸುತ್ತ ನಾಲ್ಕು ಮಕ್ಕಳು. ಮಕ್ಕಳು ಏನು ಕೇಳಿದರೂ ಗೂಬಣ್ಣ ಬಲು ಗತ್ತಿನಿಂದ ತಪ್ಪು ಉತ್ತರವನ್ನೇ ಕೊಡುವನು. ಸೂರ್ಯ ಎಲ್ಲಿ ಮುಳುಗ್ತಾನೆ ಅಂದರೆ, ನಮ್ಮ ಹಿತ್ತಲ ಬಾವಿಯಲ್ಲಿ ಅನ್ನುವನು. ಆಗ ಪಡಸಾಲೆಯ ಮಕ್ಕಳೆಲ್ಲ ಟಿವಿಯ ಕಡೆ ಕೈ ಮಾಡಿ, "ತಪ್ಪು! ತಪ್ಪು!" ಎಂದು ಚೀರುವರು. ಶಾಲೆಯಲ್ಲಿ ತಪ್ಪು ಹೇಳಿ ಏಟು ತಿನ್ನುತ್ತಿದ್ದ ಹಂಪಯ್ಯನಿಗೆ, ತನಗಿಂತ ದಡ್ಡನೊಬ್ಬನಿದ್ದಾನೆ, ಅವನನ್ನು ಎಲ್ಲರೂ ಪ್ರೀತಿಸುತ್ತಾರೆ ಎಂಬುದೇ ದೊಡ್ಡ ಧೈರ್ಯವಾಗಿತ್ತು. ಆ ಗೂಬಣ್ಣ ಈಗ ಸಿನಿಮಾ ಆಗಿ ಬಂದಿದ್ದ.

ಅವನು ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಯಂಕಮ್ಮ ಮೊರ ಕೆಳಗಿಟ್ಟು ಎದುರು ಮನೆಯ ಸುಭಾಷನನ್ನು ಕೂಗಿಯಾಗಿತ್ತು. "ಸುಭಾಷಾ, ನಿನ್ನ ಕ್ರೂಸರ್ ತಗೀ! ಹಂಪಯ್ಯ ಎಲ್ಲಾರಿಗೂ ಸಿನಿಮಾ ತೋರಸ್ತಾನಂತ."

ಹಂಪಯ್ಯ ಹಾಗೆ ಅಂದೇ ಇರಲಿಲ್ಲ. ಆದರೆ ಕ್ರೂಸರ್ ಗಾಡಿ ಆಗಲೇ ಉಪ್ಪಿನಕಾಯಿ ಭರಣಿಯಂತೆ ತುಂಬಿತ್ತು. ಹತ್ತನೇ ಇಯತ್ತೆ ಓದುವ ಅವನ ಮಗಳು ಯಶೋಧಾ ಕಿವಿಗೆ ವೈರು ಸಿಕ್ಕಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಅವಳು ಬಂದಳಲ್ಲ ಎಂದು ಹಂಪಯ್ಯನಿಗೆ ಒಳಗೊಳಗೇ ಹಿಗ್ಗಾಯಿತು. ಈಚೆಗೆ ಅವಳಿಗೆ ಅಪ್ಪನೊಡನೆ ಮಾತಾಡಲು ವಿಷಯವೇ ಸಿಗುತ್ತಿರಲಿಲ್ಲ. ಇವತ್ತು ಸಿಗಬಹುದು.

ಸಿನಿಮಾ ಶುರುವಾಯಿತು. ಟಿವಿಯ ಆ ನಾಲ್ಕು ಮಕ್ಕಳು ಬೆಳೆದು ಕಾಲೇಜು ಸೇರಿದ್ದರು. ಕಾಲೇಜೋ, ಮದುವೆ ಮಂಟಪವೋ ತಿಳಿಯದಂತಿತ್ತು. ಒಬ್ಬ ಹುಡುಗಿಯ ಹಿಂದೆ ಇಬ್ಬರು ಹುಡುಗರು ಕಾರಿನಲ್ಲಿ ಓಡಿದರು, ಹಾಡಿದರು, ಹಿಮದಲ್ಲಿ ಹೊರಳಾಡಿದರು. ಹಂಪಯ್ಯ ಗೂಬಣ್ಣನಿಗಾಗಿ ಕತ್ತು ಉದ್ದ ಮಾಡಿ ಕಾದ. ಕೊನೆಗೂ ಬಂದ. ಬಟ್ಟೆಯ ಗೂಬೆಯಲ್ಲ, ಕಂಪ್ಯೂಟರಿನಲ್ಲಿ ಮಾಡಿದ ಮಿರಿಮಿರಿ ಮಿಂಚುವ ಗೂಬೆ. ಕಣ್ಣಿಗೆ ಕರೀ ಕನ್ನಡಕ. ಇಂಗ್ಲಿಷಿನಲ್ಲಿ ಪ್ರೇಮದ ಪಾಠ ಹೇಳಿತು. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟಿತು. ಒಂದು ಸಲವೂ ತಪ್ಪಲಿಲ್ಲ.

ಹಂಪಯ್ಯನ ಕಣ್ಣು ತುಂಬಿಬಂತು. ಹಿಂದಿನ ಸಾಲಿನಲ್ಲಿ ಯಂಕಮ್ಮ ಗೊರಕೆ ಹೊಡೆಯುತ್ತಿದ್ದಳು.

ಟಾಕೀಸಿನ ಬಾಗಿಲಲ್ಲಿ ಮೈಕ್ ಹಿಡಿದ ಹುಡುಗಿಯೊಬ್ಬಳು ಅಡ್ಡ ಬಂದಳು. "ಸರ್, ಯಾವೂರ್ರಿ ನಿಮ್ದು? ಸಿನಿಮಾ ಹ್ಯಾಂಗದ ಹೇಳ್ರಿ."

ಹಂಪಯ್ಯ ಕಣ್ಣೊರೆಸಿಕೊಂಡ. "ಮಾನ್ವಿ. ಏನ್ ಹೇಳ್ಲಿ ತಂಗೀ... ಸಣ್ಣಾಂವ ಇದ್ದಾಗ ಗೂಬಣ್ಣ ಅಂದ್ರ ನನ್ನ ಜೀವ. ಇಂಥಾ ಸಿನಿಮಾ ನನ್ನ ಜನ್ಮದಾಗ ನೋಡಿಲ್ಲ!" ಕಣ್ಣೀರು ಗಲ್ಲದ ಮೇಲೆ ಇಳಿಯಿತು. "ಹಾಳ್ ಮಾಡ್ಯಾರ, ಪೂರಾ ಹಾಳ್ ಮಾಡ್ಯಾರ."

ವಾಪಸು ದಾರಿಯಲ್ಲಿ ಕ್ರೂಸರಿನಲ್ಲಿ ಎಲ್ಲರ ಬಾಯಿಗೂ ಅವನೇ ಆಹಾರವಾದ. "ಇದಕ್ಕಿಂತ ನಮ್ಮೋಣಿ ಜಗಳ ಚಲೋ ಇತ್ತು," ಅಂದ ಸುಭಾಷ. "ನಂಗ ನಿದ್ದಿ ಸೈತ ನೆಟ್ಟಗ ಆಗ್ಲಿಲ್ಲ," ಅಂದಳು ಯಂಕಮ್ಮ. ಯಶೋಧಾ ಮಾತ್ರ ಕಿವಿಯ ವೈರು ತೆಗೆದು ಮೆಲ್ಲಗೆ ಕೇಳಿದಳು, "ಅಪ್ಪಾ, ಇಷ್ಟು ವರ್ಷ ಹೊಗಳಿದ್ದು ಇದನ್ನೇನು?" ಇದಲ್ಲ ಎಂದು ಹೇಗೆ ತೋರಿಸುವುದು? ತೋರಿಸಲು ಆ ಪಡಸಾಲೆಯೂ ಇಲ್ಲ, ಆ ಚಾಪೆಯೂ ಇಲ್ಲ.

ಕಲ್ಲೂರಿನಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿನ್ನಲು ಗಾಡಿ ನಿಲ್ಲಿಸಿದಾಗ ಸುಭಾಷ ತನ್ನ ಫೋನು ನೋಡಿ ಕೂಗಿಕೊಂಡ. "ಹಂಪಯ್ಯಣ್ಣಾ, ಇದು ನೀನಲ್ಲೇನು?"

ಪರದೆಯ ತುಂಬ ಹಂಪಯ್ಯ ಅಳುತ್ತಿದ್ದ. ಮೇಲೆ ದಪ್ಪಕ್ಷರದಲ್ಲಿ 'ಗೂಬಣ್ಣನ ಕಂಡು ಬಿಕ್ಕಿ ಬಿಕ್ಕಿ ಅತ್ತ ಮಾನ್ವಿಯ ಅಭಿಮಾನಿ' ಎಂದಿತ್ತು. "ಗೂಬಣ್ಣ ಅಂದ್ರ ನನ್ನ ಜೀವ. ಇಂಥಾ ಸಿನಿಮಾ ನನ್ನ ಜನ್ಮದಾಗ ನೋಡಿಲ್ಲ!" ಅಷ್ಟಕ್ಕೇ ಕತ್ತರಿಸಿ ಡಂ ಡಂ ಎಂದು ಸಂಗೀತ ಹಾಕಿದ್ದರು.

ಮಾನ್ವಿಗೆ ಬಂದು ಇಳಿದರೆ ಚಹಾದಂಗಡಿಯವನು ಕೈ ಕುಲುಕಿದ. ಪಾನ್ ಅಂಗಡಿಯವನು, "ನಿಮ್ಮ ಅಳು ನೋಡಿ ನಮ್ಮ ಮನಿಯವ್ರೆಲ್ಲ ಸಂಜಿ ಆಟಕ್ಕ ಹೊಂಟಾರ್ರಿ," ಅಂದ. "ಹೋಗಬ್ಯಾಡ್ರಿ, ಚಲೋ ಇಲ್ಲ," ಎಂದು ಹಂಪಯ್ಯ ಬೇಡಿಕೊಂಡ. "ನಮಗ ಟಿಕೆಟ್ ಸಿಗಬಾರ್ದಂತ ಹಂಗ ಅಂತಾನ ನೋಡು," ಎಂದು ಅವನು ಮನೆಗೆ ಫೋನು ಮಾಡಿ ಅವರನ್ನು ಇನ್ನಷ್ಟು ಅವಸರಪಡಿಸಿದ.

ಮನೆ ಹೊಸ್ತಿಲು ದಾಟುತ್ತಲೇ ಫೋನು ರಿಂಗಾಯಿತು. ಸಲಾವುದ್ದೀನ್! ಅವನೀಗ ರಾಯಚೂರಿನಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಇಟ್ಟಿದ್ದ. ಜಗಳವೇನೂ ಆಗಿರಲಿಲ್ಲ. ಯುಗಾದಿಗೆ, ರಂಜಾನಿಗೆ ಫೋನು ಮಾಡುತ್ತಿದ್ದವರು ಬರಬರುತ್ತ ಹೂವಿನ ಚಿತ್ರ ಕಳಿಸತೊಡಗಿದ್ದರು. ಆಮೇಲೆ ಅದೂ ನಿಂತಿತ್ತು.

"ಹಂಪ್ಯಾ," ಅಂದ ಸಲಾವುದ್ದೀನ್. ಆ ಹೆಸರಿನಿಂದ ಅವನನ್ನು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. "ನೀ ಅಳೂದು ನೋಡಿದೆ. ಅಮ್ಮಿಗೂ ತೋರಿಸ್ದೆ. ನೀನೂ ಬಂದ್ರ ಮೂರೂ ಮಂದಿ ಕೂಡಿ ನೋಡೂಣಂತ ಹಠ ಹಿಡದಾಳ. ಸಂಜಿ ಆಟಕ್ಕ ಟಿಕೆಟ್ ತಗಂಡೀನಿ. ಬರ್ತೀಯಲ್ಲ?"

"ಬರ್ತೀನಲೇ, ಯಾಕ ಬರಲ್ಲ!" ಅಂದುಬಿಟ್ಟ ಹಂಪಯ್ಯ.

ಯಶೋಧಾ ಕಣ್ಣರಳಿಸಿದಳು. "ಮತ್ತ ಅದೇ ಸಿನಿಮಾಕ್ಕಾ? ಚಲೋ ಇಲ್ಲಂತ ಹೇಳಿಬಿಡಪ್ಪಾ."

"ಹ್ಯಾಂಗ ಹೇಳ್ಲಿ ಮಗಳ? ಎಷ್ಟು ಖುಷಿಲೆ ಕರದಾನ ಕೇಳಿದಿಲ್ಲ?" ಎನ್ನುತ್ತ ಅವನು ಅದೇ ಅಂಗಿಯಲ್ಲಿ ರಾಯಚೂರು ಬಸ್ಸು ಹತ್ತಿದ.

ಟಾಕೀಸಿನ ಮುಂದೆ ಸಲಾವುದ್ದೀನ್ ತಬ್ಬಿಕೊಂಡ. ಹೊಟ್ಟೆ ಬಂದಿತ್ತು, ಗಡ್ಡ ನೆರೆತಿತ್ತು, ನಗು ಹಾಗೇ ಇತ್ತು. ಇಮಾಮ್ ಬೀ ಹಂಪಯ್ಯನ ಗದ್ದ ಹಿಡಿದು, "ಎಷ್ಟು ಸೊರಗೀಯೋ ಬೇಟಾ," ಅಂದಳು. ಅವಳನ್ನು ನಡುವೆ ಕೂರಿಸಿ ಇಬ್ಬರೂ ಆಚೀಚೆ ಕೂತರು.

ಗೂಬೆ ಕರೀ ಕನ್ನಡಕ ಹಾಕಿಕೊಂಡು ಬಂದಾಗ ಹಂಪಯ್ಯ ಪರದೆಯಿಂದ ಕಣ್ಣು ಕಿತ್ತ. ಗೆಳೆಯನಿಗೆ ಎಷ್ಟು ಸಂಕಟವಾಗುತ್ತಿದೆಯೋ ಎಂದು ಅತ್ತ ತಿರುಗಿದರೆ, ಸಲಾವುದ್ದೀನ್ ಇವನನ್ನೇ ನೋಡುತ್ತಿದ್ದ. ಹಂಪಯ್ಯ ಒತ್ತಾಯದಿಂದ ನಕ್ಕ. ಸಲಾವುದ್ದೀನನೂ ನಕ್ಕ. ಮತ್ತೊಂದು ಹಿಮದ ಹಾಡು ಶುರುವಾಗುವ ತುಸು ಮೊದಲೇ ಸಲಾವುದ್ದೀನ್ ನಿಟ್ಟುಸಿರುಬಿಟ್ಟು ಕಣ್ಣು ಮುಚ್ಚಿಕೊಂಡ.

ಹಂಪಯ್ಯನಿಗೆ ಸಂಶಯ ಬಂತು. ಇಮಾಮ್ ಬೀಯ ಬೆನ್ನ ಹಿಂದಿನಿಂದ ಬಾಗಿ ಪಿಸುಗುಟ್ಟಿದ. "ಹಾಡು ಬರ್ತದಂತ ನಿನಗ ಹ್ಯಾಂಗ ಗೊತ್ತಾತಲೇ?"

ಸಲಾವುದ್ದೀನ್ ಸಿಕ್ಕಿಬಿದ್ದ ಕಳ್ಳನಂತಾದ. "ಮೊದಲ್ನೇ ದಿನಾನ ಒಬ್ನ ಬಂದು ನೋಡೀನಲೇ. ನಮ್ಮ ಗೂಬಣ್ಣನ್ನ ಕೊಂದಾರ. ನಿನಗ ಫೋನ್ ಮಾಡಿ ಅಳಬೇಕಂತ ಮಾಡಿದ್ದೆ. ಅಷ್ಟರಾಗ ನೀ ಖುಷಿಲೆ ಅಳಾಕತ್ತಿದ್ದಿ. ನಿನ್ನ ಮನಸ್ಸು ಮುರೀಬಾರ್ದಂತ ಬಾಯಿ ಮುಚ್ಕಂಡೆ."

"ನಾ ಹೊಟ್ಟಿ ಉರಿದು ಅತ್ತೀನಲೇ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಬಾಯಿಗೆ ಕರ್ಚೀಫು ಒತ್ತಿಕೊಂಡು, ಮೈ ಕುಲುಕಿ ಕುಲುಕಿ ನಕ್ಕರು. ಹಂಪಯ್ಯನ ಎದೆಯ ಭಾರವೆಲ್ಲ ಇಳಿದುಹೋಯಿತು. "ಏಳು, ಹೊರಗ ಹೋಗಿ ಚಾ ಕುಡ್ಯೂಣು, ಮಾತಾಡೂದು ಭಾಳ ಅದ," ಅಂದ. ಇಬ್ಬರೂ ಎದ್ದು ನಿಂತರು.

ಇಮಾಮ್ ಬೀ ಎರಡೂ ಕಡೆಯಿಂದ ಇಬ್ಬರ ಅಂಗಿಯ ಚುಂಗು ಹಿಡಿದು ಎಳೆದಳು.

"ಎಲ್ಲಿಗಿ ಏಳ್ತೀರಿ? ಸುಮ್ನ ಕೂಡ್ರಿ. ಆ ಪೋರಿ ಯಾರನ್ನ ಮಾಡ್ಕಂತಾಳ ನೋಡ್ಕಂಡೇ ನಾ ಏಳೂದು."

ಯಾರನ್ನು ಮಾಡಿಕೊಳ್ಳುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡದೆ ಕೂತರು. ಮಧ್ಯಂತರ ಇನ್ನೂ ಆಗಿರಲಿಲ್ಲ.