ಕಿವಿರಿಲ್ಲದ ಕೂಸು

ನಮ್ಮ ದೊಡ್ಡಪ್ಪನಿಗೆ ಮನುಷ್ಯರ ಮಾತಿಗಿಂತ ಮೀನಿನ ಹೊಟ್ಟೆಯ ಮೇಲೆ ನಂಬಿಕೆ ಹೆಚ್ಚು ಎಂದರೆ ನೀವು ನಗುತ್ತೀರಿ. ನಗಿ! ಹೊನ್ನಾವರದ ನಮ್ಮ ಕೇರಿಯವರೂ ನಗುತ್ತಿದ್ದರು. ಧಾರವಾಡದ ಯಾವುದೋ ಕಾಲೇಜಿನ ಪ್ರಯೋಗಶಾಲೆಯಲ್ಲಿ ಜವಾನರಾಗಿದ್ದು, ಮೇಷ್ಟ್ರುಗಳು ಕೊಯ್ದ ಮೀನನ್ನು ಎತ್ತಿಟ್ಟು ಎತ್ತಿಟ್ಟು, ಪಿಂಚಣಿಯ ಜೊತೆ ಈ ಹುಚ್ಚನ್ನೂ ತಂದವರು ಅವರು.

ಮನೆಗೆ ಬಂಗಡೆ ಬಂತೋ, ಇವರು ಹಳೇ ಪೇಪರು ಹಾಸಿ ಕೂತೇಬಿಟ್ಟರು. ಕಿವಿರು ಒಂದು ಕಡೆ, ಕರುಳು ಒಂದು ಕಡೆ, ಬೆನ್ನುಮೂಳೆಗೆ ಅಂಟಿದ ಮೂತ್ರಪಿಂಡ ಇನ್ನೊಂದು ಕಡೆ. ಒಲೆಯ ಮೇಲಿನ ಅನ್ನ ಬೆಂದು, ಆರಿ, ತಂಗಳಾದರೂ ಪರೀಕ್ಷೆ ಮುಗಿಯದು!

"ಪಂಚನಾಮೆ ಆತಾ? ಹೆಣ ಒಳಗೆ ಕೊಡ್ತ್ರಾ?" ಎಂದು ದೊಡ್ಡಮ್ಮ ಕೂಗುವರು.

"ತಡಿಯೇ ಮಾರಾಯ್ತಿ! ಮೀನಿನ ಮೈಗೆ ವಿಷ ಹೊಕ್ಕರೆ ಒಡೆದು ಹೊರಗೆ ಹಾಕೂದು ಯಾರು? ಎಲ್ಲಾ ಯಕೃತ್ತು ಅಂತಾರೆ. ಅದು ದೊಡ್ಡ ಸಾಹೇಬ, ಹೌದು. ಸಾಹೇಬ ಒಬ್ಬನೇ ಕಚೇರಿ ನಡೆಸ್ತಾನಾ? ಕಿವಿರು ನಾಕಾದವ, ಬಾಗಿಲಲ್ಲೇ ತಡೀತಾನೆ. ಕರುಳು, ಮೂತ್ರಪಿಂಡ, ಇವೂ ಕೈಲಾದಷ್ಟು ಒಡೀತಾವೆ. ಹೆಸರು ಮಾತ್ರ ಸಾಹೇಬಂದು!"

ಜವಾನರಾಗಿದ್ದವರ ಈ ಮಾತಿನ ಖಾರ ದೊಡ್ಡಮ್ಮನ ಸಾರಿಗೂ ಇರುತ್ತಿರಲಿಲ್ಲ.

ಒಮ್ಮೆ ಭಟ್ಕಳದ ಬೀಗರ ಮನೆಯಲ್ಲಿ ಊಟಕ್ಕೆ ಕೂತವರು, ಬಡಿಸಿದ ಮೀನಿನ ತಲೆ ಬಿಡಿಸಿ ನೋಡಿ, "ಇದರ ಕಿವಿರು ಎಲ್ಲಿ?" ಎಂದರು.

"ಬಿಸಾಡಿದ್ವಲ್ಲ!"

"ಛೇ! ದುಡಿದವನನ್ನೇ ಬಿಸಾಡಿದ್ರಾ?"

ಬೀಗಿತ್ತಿ ಗಾಬರಿಯಾಗಿ ಇನ್ನೆರಡು ತುಂಡು ಬಡಿಸಿದರು. ದೊಡ್ಡಪ್ಪ ಬೇಡವೆನ್ನಲಿಲ್ಲ.

ನಾನು ಮೂರನೇ ಇಯತ್ತೆಯಲ್ಲಿದ್ದಾಗ, ಬೇಸಗೆಯಲ್ಲಿ, ಮಲೇರಿಯಾದವರು ಡಿಡಿಟಿ ಹೊಡೆಯಲು ಬಂದರು. ಅಮ್ಮ ತಂಗಿಯನ್ನು ಹೆತ್ತು ಹನ್ನೆರಡು ದಿನ. ಅಜ್ಜಿ ತಿಗಣೆಗೆಂದು ಉಳಿದ ಔಷಧವನ್ನು ಕಾಡಿಬೇಡಿ ಕೊಡಪಾನಕ್ಕೆ ಹಾಕಿಸಿಕೊಂಡಳು. ಮಂಚಕ್ಕೆಲ್ಲ ಸುರಿದಾದ ಮೇಲೆ, ಮರೆತು, ಅದೇ ಕೊಡಪಾನವನ್ನು ಬಾವಿಗೆ ಇಳಿಬಿಟ್ಟಳು!

ನೀರು ಕೆಟ್ಟರೆ ತಿಳಿಯಲಿ ಎಂದು ಎಲ್ಲರಂತೆ ನಾವೂ ಬಾವಿಗೆ ಮೀನು ಬಿಟ್ಟಿದ್ದೆವು. ಮೂರು ದಿನ ಬಗ್ಗಿ ಬಗ್ಗಿ ನೋಡಿದೆವು. ಒಂದೂ ತೇಲಲಿಲ್ಲ.

"ಮೀನು ಆಡ್ತಾ ಅದೆ. ನೀರಿಗೆ ಎಂತದೂ ಆಗಲಿಲ್ಲ," ಎಂದಳು ಅಜ್ಜಿ.

"ಅದು ನೀರಿನ ಗುಣ ಅಲ್ಲ, ಅವ್ವಾ," ಎಂದರು ದೊಡ್ಡಪ್ಪ. "ಮೀನಿನ ಮೈಯಲ್ಲಿ ನಾಲ್ಕು ಕಡೆ ದುಡಿಯೋರು ಇದ್ದಾರೆ. ಹದಿನೈದು ದಿನದ ಕೂಸಿಗೆ ಕಿವಿರು ಉಂಟಾ?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಜ್ಜಿ ನಗಲಿಲ್ಲ.

"ಹಂಗಾರೆ ಸಿಹಿನೀರು ಎಲ್ಲಿಂದ ತರೂದು? ಸುತ್ತ ಎಲ್ಲಾ ಬಾವೀನೂ ಉಪ್ಪು."

ಮೂವತ್ತು ವರ್ಷ ಸಾಹೇಬರಿಗೆ ನೀರು ತಂದುಕೊಟ್ಟು, "ಇನ್ನು ನನ್ನ ಲೋಟಾನೂ ನಾನು ಎತ್ತೂದಿಲ್ಲ" ಎಂದು ಸಾರಿಕೊಂಡು ಊರಿಗೆ ಬಂದಿದ್ದ ದೊಡ್ಡಪ್ಪ, ಬೇರೆ ಎರಡು ಕೊಡಪಾನ ಕಾವಡಿಗೆ ಕಟ್ಟಿದರು. ಕರ್ಕಿ ದಾರಿಯ ಸಿಹಿನೀರಿನ ಬಾವಿಗೆ ಒಂದು ಮೈಲು. ಮಳೆ ಹಿಡಿದು ನಮ್ಮ ಬಾವಿ ತುಂಬಿ ಹರಿಯುವವರೆಗೆ ದಿನಾ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ.

ತಂದ ನೀರನ್ನು ಹಂಡೆಗೆ ಸುರಿದ ಮೇಲೂ ಅವರು ಮನೆಯೊಳಗೆ ಬರುತ್ತಿರಲಿಲ್ಲ. ಬಚ್ಚಲ ಗೋಡೆಯ ಹೊರಗೆ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದರು. ಒಳಗೆ ಅಜ್ಜಿಯ ಕಾಲಿನ ಮೇಲೆ ಮಲಗಿದ ಕೂಸು ಕಿಟಾರನೆ ಅತ್ತು, ಬಿಕ್ಕಿ, ಸುಮ್ಮನಾಗುತ್ತಿತ್ತು.

"ಮಿಂದಾತಾ?"

"ಆತು ಮಗನೇ," ಎನ್ನುತ್ತಿದ್ದಳು ಅಜ್ಜಿ, ಕುಗ್ಗಿದ ದನಿಯಲ್ಲಿ.

ಆಮೇಲೆಯೇ ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದುದು.